ಮೇಜಿನ ಮೇಲಿನ ಉಪ್ಪು ನೀರು

ಆಫೀಸಿನ ಮೇಜಿನ ಮೇಲೆ ದೇವರ ಫೋಟೋ ಇಟ್ಟುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಮಕ್ಕಳ ಫೋಟೋ ಇಟ್ಟರೆ ಯಾವ ಕ್ಲಾಸು ಅಂತ ಕೇಳಿ ಸುಮ್ಮನಾಗುತ್ತಾರೆ. ಉಸಿರಾಡುವಂಥದ್ದು ಏನನ್ನಾದರೂ ಇಟ್ಟು ನೋಡಿ, ಅಲ್ಲಿಂದ ಮುಂದೆ ವಾರಕ್ಕೊಂದು ಪ್ರಸಂಗ ತಾನಾಗಿ ಹುಡುಕಿಕೊಂಡು ಬರುತ್ತದೆ. ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ಶುರುವಾಗಿ ತೊಂಬತ್ತು ದಾಟುವವರೆಗೆ, ಮುಂಬಯಿಯ ಫೋರ್ಟ್ ಪ್ರದೇಶದ ಒಂದು ವಿಮಾ ಕಚೇರಿಯಲ್ಲಿ, ಒಂದಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ನಾನು ಸಮುದ್ರದ ನೀರು ತುಂಬಿಸಿ ಸಮುದ್ರದ ಜೀವಿಗಳನ್ನು ಸಾಕಿದ್ದೆ. ಅದರಿಂದ ಆದ ಪ್ರಸಂಗಗಳನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅದು ತಡವಾಗಿ ಕಲಿತ ನಗು.

ಜಾಗ ಸಿಕ್ಕ ಬಗೆ

ನಾನು ಮೈಸೂರಿನವನು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ಮೂರು ವರ್ಷ ಸಮುದ್ರದ ಜೀವಿಗಳನ್ನು ಫಾರ್ಮಲಿನ್ ಬಾಟಲಿಗಳಲ್ಲೇ ನೋಡಿ, ಅವುಗಳ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಪಾಸಾದೆ. ಸಮುದ್ರ ಅನ್ನುವುದನ್ನು ಕಣ್ಣಾರೆ ಕಂಡದ್ದು ಕೆಲಸ ಸಿಕ್ಕಿ ಮುಂಬಯಿಗೆ ಬಂದ ಮೇಲೆಯೇ. ಕೆಲಸ, ಹಡಗಿನ ಸರಕಿಗೆ ನಷ್ಟವಾದರೆ ಪರಿಹಾರ ಕೊಡುವ ವಿಭಾಗದಲ್ಲಿ.

ಅಲ್ಲಿ ಹತ್ತು ವರ್ಷ ನೆಮ್ಮದಿಯಾಗಿದ್ದೆ. ಒಂದು ಮಳೆಗಾಲ ಒಬ್ಬ ವ್ಯಾಪಾರಿ, ತನ್ನ ಗೋದಾಮಿಗೆ ಸಮುದ್ರದ ನೀರು ನುಗ್ಗಿ ಸಕ್ಕರೆ ಮೂಟೆಗಳೆಲ್ಲ ಕರಗಿಹೋದವು ಅಂತ ಅರ್ಜಿ ಕೊಟ್ಟ. ಎಲ್ಲರ ಸಹಿಯೂ ಆಗಿತ್ತು, ನನ್ನದೊಂದೇ ಬಾಕಿ. ನಾನು ಹೋಗಿ ನೋಡಿ ಬಂದೆ. ಫೈಲಿನಲ್ಲಿ ಒಂದೇ ಸಾಲು ಬರೆದೆ: "ಗೋದಾಮು ಮೂರನೆಯ ಮಹಡಿಯಲ್ಲಿದೆ."

ಎಂಟು ದಿನದಲ್ಲಿ ವ್ಯಾಪಾರಿಗೆ ಪರಿಹಾರ ಮಂಜೂರಾಯಿತು. ನನಗೆ ರೆಕಾರ್ಡ್ ರೂಮು ಮಂಜೂರಾಯಿತು.

ರೆಕಾರ್ಡ್ ರೂಮು ಅಂದರೆ ಮುಗಿದ ಫೈಲುಗಳನ್ನು ತಂದು ಹಾಕುವ ಜಾಗ. ಒಂದು ಮೇಜು, ಒಂದು ಕಿಟಕಿ, ಒಂದು ಪ್ಲಗ್ಗು. ಮಾಡಲು ಏನೂ ಇರಲಿಲ್ಲ. ಬೆಳಿಗ್ಗೆ ದಹಿಸರ್‌ನಿಂದ ಲೋಕಲ್‌ನಲ್ಲಿ ನಿಂತು ಬಂದು, ಸಂಜೆಯವರೆಗೆ ಸುಮ್ಮನೆ ಕೂತು, ಮತ್ತೆ ನಿಂತು ಮನೆಗೆ ಹೋಗಬೇಕು. ಮನುಷ್ಯನನ್ನು ಬೈದು ಹಾಳು ಮಾಡುವುದಕ್ಕಿಂತ ಕೂರಿಸಿ ಹಾಳು ಮಾಡುವುದು ಸುಲಭ ಅಂತ ನಮ್ಮ ಮೇಲಿನವರಿಗೆ ಚೆನ್ನಾಗಿ ಗೊತ್ತಿತ್ತು.

ಊಟದ ಬಿಡುವಿನಲ್ಲಿ ಕೊಲಾಬಾ ಕಡೆಯ ಬಂಡೆಗಳವರೆಗೆ ನಡೆದುಹೋಗುವುದು ಅಭ್ಯಾಸವಾಯಿತು. ತಡವಾಗಿ ಬಂದೆ ಅಂತ ಕೇಳುವವರಾದರೂ ಯಾರು? ಒಂದು ದಿನ ನೀರು ಇಳಿದಿದ್ದ ಹೊತ್ತಿನಲ್ಲಿ ಬಂಡೆಯ ಗುಂಡಿಯೊಂದಕ್ಕೆ ಬಗ್ಗಿ ನೋಡಿದೆ. ನಾನು ಕಾಲೇಜಿನಲ್ಲಿ ಪೆನ್ಸಿಲ್‌ನಿಂದ ಬರೆದದ್ದೆಲ್ಲ ಅಲ್ಲಿ ಬಣ್ಣ ಬಳಿದುಕೊಂಡು ಓಡಾಡುತ್ತಿತ್ತು. ಹದಿನೈದು ವರ್ಷದ ನಂತರ ನನಗೆ ನಾನು ಓದಿದ್ದು ನಿಜ ಅನ್ನಿಸಿತು. ಅದೇ ವಾರ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗಿ ಒಂದು ಪುಟ್ಟ ಗಾಜಿನ ತೊಟ್ಟಿ, ಗಾಳಿ ಊದುವ ಪಂಪು ತಂದೆ.

ಮೊದಲು ಅದನ್ನು ಮನೆಗೇ ಒಯ್ದಿದ್ದೆ. ನಮ್ಮ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಲ್ಲಿ ಬರುತ್ತಿದ್ದ ಕಾಲ. ಹೆಂಡತಿ ಪಾತ್ರೆಗಳ ಸಾಲಿನ ನಡುವೆ ನಿಂತು ಕೇಳಿದಳು, "ಕುಡಿಯೋಕೆ ನೀರಿಲ್ಲದ ಮನೇಲಿ ಮೀನಿಗೆ ನೀರು ಕೂಡಿಡ್ತೀರಾ?"

"ಇದು ಸಮುದ್ರದ ನೀರು ಕಣೇ. ಕುಡಿಯೋಕೆ ಬರಲ್ಲ."

"ಬಟ್ಟೆ ಒಗೆಯೋಕೆ?"

"ಅದಕ್ಕೂ ಬರಲ್ಲ."

"ಯಾತಕ್ಕೂ ಬರದ್ದನ್ನ ಇಡೋಕೆ ನಿಮ್ಮ ಆಫೀಸೇ ಸರಿ. ಈಗಾಗಲೇ ಒಬ್ಬರನ್ನ ಇಟ್ಕೊಂಡಿದ್ದಾರಲ್ಲ."

ಯಾವ ಕಲಮು

ಎರಡು ವಾರಕ್ಕೊಮ್ಮೆ ತೊಟ್ಟಿಯ ನೀರು ಬದಲಿಸಬೇಕಿತ್ತು. ಬೆಳಿಗ್ಗೆ ಬೇಗ ಬಂದು, ಬಂಡೆಗಳ ತುದಿಯವರೆಗೆ ಹೋಗಿ, ಹೆಂಡತಿಯ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ನೀರು ಸೋಸಿ ಐದು ಲೀಟರಿನ ಬಿಳಿ ಕ್ಯಾನಿಗೆ ತುಂಬಿಸಿಕೊಂಡು ಬರುತ್ತಿದ್ದೆ. ಒಂದು ದಿನ ದಾರಿಯಲ್ಲಿ ಒಬ್ಬ ಹವಾಲ್ದಾರರು ಅಡ್ಡ ಹಾಕಿದರು. ನಮ್ಮಿಬ್ಬರ ಮಾತು ಮರಾಠಿ, ಹಿಂದಿ ಬೆರೆಸಿ ನಡೆಯಿತು.

"ಕ್ಯಾನ್‌ನಲ್ಲಿ ಏನು?"

"ಸಮುದ್ರದ ನೀರು."

"ಎಲ್ಲಿಂದ ತಂದೆ?"

"ಸಮುದ್ರದಿಂದ."

"ಎಲ್ಲಿಗೆ?"

"ಆಫೀಸಿಗೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಸ್ತ್ರಿ ಮಾಡಿದ ಶರ್ಟು, ಮೊಣಕಾಲವರೆಗೆ ಮಡಚಿದ ಪ್ಯಾಂಟು, ಕೈಯಲ್ಲಿ ಚಪ್ಪಲಿ. ಬಿಳಿ ಕ್ಯಾನ್ ಅಂದರೆ ಆ ದಿನಗಳಲ್ಲಿ ಕಳ್ಳಭಟ್ಟಿ ಅಂತಲೇ ಅರ್ಥ. ಚೌಕಿಗೆ ಕರೆದೊಯ್ದು ಕೂರಿಸಿದರು. ಕ್ಯಾನಿನ ಮುಚ್ಚಳ ತೆಗೆದು ಮೂಸಿದರು, ಸಮಾಧಾನವಾಗಲಿಲ್ಲ. ಸ್ಟೀಲ್ ಲೋಟಕ್ಕೆ ಬಗ್ಗಿಸಿದರು. ಇನ್ನೊಬ್ಬ ಪೊಲೀಸಿನವರ ಕಡೆ ಒಮ್ಮೆ ನೋಡಿ, "ತಪಾಸಣೆ ಮಾಡಬೇಕಲ್ಲ" ಅಂತ ಅರ್ಧ ಲೋಟ ಒಂದೇ ಗುಟುಕಿಗೆ ಇಳಿಸಿದರು.

ಸರ್ಕಾರಿ ಕೆಲಸವನ್ನು ಅಷ್ಟು ಆಸೆಯಿಂದ ಮಾಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೊರಗೆ ಓಡಿಹೋಗಿ ಉಗಿದು, ಬಾಯಿ ಮುಕ್ಕಳಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಬಂದರು. "ಹೇ ತರ್ ಖಾರಂ ಪಾಣಿ!" ಅಂತ ನನ್ನ ಮೇಲೇ ರೇಗಿದರು. ಉಪ್ಪು ನೀರೇ, ಸಮುದ್ರದ್ದು ಅಂತ ನಾನು ಮೊದಲೇ ಹೇಳಿದ್ದೆನಲ್ಲ ಅಂದೆ.

"ಅದೇ ನನ್ನ ಕಷ್ಟ," ಅಂದರು ಅವರು, ಲೋಟ ಮೇಜಿನ ಮೇಲೆ ಕುಕ್ಕಿ. "ಸುಳ್ಳು ಹೇಳಿದ್ದರೆ ಒಳಗೆ ಹಾಕಬಹುದಿತ್ತು. ನಿಜ ಹೇಳಿದವನ ಮೇಲೆ ಯಾವ ಕಲಮು ಹಾಕಲಿ?"

ನಮ್ಮ ಆಫೀಸಿನವರನ್ನು ಕೇಳಿ, ಅವರ ಹತ್ತಿರ ಒಂದಿದೆ ಅಂತ ಹೇಳೋಣ ಅನ್ನಿಸಿತು. ಕ್ಯಾನ್ ಎತ್ತಿಕೊಂಡು ಹೊರಟೆ.

ಫಾಯಿದೆ

ತೊಟ್ಟಿಯಲ್ಲಿ ದೊಡ್ಡ ಸಂಸಾರವೇನೂ ಇರಲಿಲ್ಲ. ಅಂಗೈಯಷ್ಟು ಅಗಲದ ಒಂದು ಕಲ್ಲು. ಅದರ ಮೇಲೆ ಹವಳದ ನೆಂಟರಾದ, ಹಸಿರು ಅಂಗಿಗುಂಡಿಗಳಂತೆ ಕಾಣುವ ಪುಟ್ಟ ಜೀವಿಗಳ ಗುಂಪು. ಬೆರಳಿನ ಗೆಣ್ಣಿನಷ್ಟು ಉದ್ದದ ಎರಡು ಮೀನು. ಖಾಲಿ ಶಂಖದೊಳಗೆ ಸಂಸಾರ ಹೂಡಿದ ಒಂದು ಏಡಿ. ಮತ್ತೆ ಒಂದು ಅನಿಮೋನ್. ನೋಡಲು ಸೇವಂತಿಗೆ ಹೂವು, ಸ್ವಭಾವದಲ್ಲಿ ಪ್ರಾಣಿ. ಎಸಳು ಬಿಚ್ಚಿ ಕೂತಿರುತ್ತದೆ, ಮುಟ್ಟಿದರೆ ಮುದುಡಿಕೊಳ್ಳುತ್ತದೆ, ಸಿಕ್ಕಿದ್ದನ್ನು ಎಸಳಿನಲ್ಲೇ ಹಿಡಿದು ತಿನ್ನುತ್ತದೆ. ಫ್ಯಾನಿನ ಗಾಳಿಗೆ ನೀರು ಆರಿದರೆ ಉಪ್ಪು ಹೆಚ್ಚಾಗುತ್ತದೆ ಅಂತ ನಾನು ದಿನಾ ಒಂದು ಲೋಟ ಸಿಹಿನೀರು ಸೇರಿಸುತ್ತಿದ್ದೆ. ಅಷ್ಟೇ ನನ್ನ ದಿನದ ಕೆಲಸ. ಆದರೆ ಅದನ್ನು ಮಾಡದಿದ್ದರೆ ಯಾರಿಗೋ ತೊಂದರೆಯಾಗುತ್ತದೆ ಅನ್ನುವ ಕೆಲಸ ನನಗೆ ಆಗ ಅದೊಂದೇ ಇತ್ತು.

ರೆಕಾರ್ಡ್ ರೂಮಿಗೆ ಕಾಲಿಡದಿದ್ದವರೆಲ್ಲ ನೋಡಲು ಬಂದರು. ಬಂದವರೆಲ್ಲ ಕೇಳಿದ್ದು ಒಂದೇ, "ಇದರಿಂದ ಏನು ಫಾಯಿದೆ?" ಇಡೀ ದಿನ ಪೆನ್ಸಿಲ್‌ನಿಂದ ಕಿವಿ ಕೆರೆದುಕೊಳ್ಳುವುದರಲ್ಲೇ ಕಾಲ ಕಳೆಯುತ್ತಿದ್ದ ಹೆಡ್ ಕ್ಲಾರ್ಕ್ ಕೂಡ ಅದನ್ನೇ ಕೇಳಿದರು. ಕೇಳಿ, ಅದೇ ಪೆನ್ಸಿಲ್‌ನಿಂದ ಅನಿಮೋನನ್ನು ತಿವಿದರು. ಅದು ಮುದುಡಿತು. "ಅಷ್ಟೇನಾ?" ಅಂದರು. ಆಮೇಲೆ ದಿನಾ ಬಂದು ಒಮ್ಮೆ ತಿವಿದು ಹೋಗುತ್ತಿದ್ದರು.

ಟೈಪಿಂಗ್ ವಿಭಾಗದಲ್ಲಿ ಮಂಗಳೂರು ಕಡೆಯ ಒಬ್ಬರು ಇದ್ದರು. ನನ್ನ ಜೊತೆ ಕನ್ನಡ ಮಾತಾಡುವ ಸುಖಕ್ಕೆ ಆಗಾಗ ಬಂದು ಕೂರುವವರು. ಅವರು ತೊಟ್ಟಿಯ ಮುಂದೆ ಬಗ್ಗಿ, ಒಂದು ಕಣ್ಣು ಮುಚ್ಚಿ ಅಳತೆ ನೋಡಿದರು.

"ಸಣ್ಣದಾಯ್ತು ಮಾರಾಯ್ರೆ."

"ಯಾವುದಕ್ಕೆ?"

"ಯಾವುದಕ್ಕೆ ಅಂದ್ರೆ? ಇಂಥದ್ದು ಒಂದು ಇಪ್ಪತ್ತೈದಾದ್ರೂ ಬೇಡ್ವಾ ಒಂದು ಗಸಿಗೆ?"

"ತಿನ್ನೋಕಲ್ಲ ಸ್ವಾಮಿ, ನೋಡೋಕೆ. ಎಷ್ಟು ಕಷ್ಟ ಗೊತ್ತಾ ಇವನ್ನ ಸಾಕೋದು? ಉಪ್ಪು ನೀರಿಲ್ಲದೆ ಒಂದು ಗಂಟೆ ಬದುಕಲ್ಲ."

ಅವರು ಇನ್ನೊಮ್ಮೆ ತೊಟ್ಟಿಯೊಳಗೆ ಇಣುಕಿದರು. ನನ್ನ ಮನಸ್ಸು ನೋಯಬಾರದು ಅಂತ ಏನಾದರೂ ಒಳ್ಳೆಯದು ಹೇಳಲೇಬೇಕು ಅನ್ನಿಸಿತೋ ಏನೋ.

"ಅದೊಂದು ಫಾಯಿದೆ ಉಂಟು ನೋಡಿ," ಅಂದರು. "ಮತ್ತೆ ಬೇರೆ ಉಪ್ಪು ಹಾಕ್ಲಿಕ್ಕೆ ಇಲ್ಲ."

ಡೆಡ್ ಸ್ಟಾಕ್

ಆರು ತಿಂಗಳಾಗುವಷ್ಟರಲ್ಲಿ ಆಡಳಿತ ವಿಭಾಗದ ಅಧಿಕಾರಿಯಿಂದ ಒಂದು ಮೆಮೊ ಬಂತು. ಖಾಸಗಿ ವಸ್ತುವಿಗೆ ಆಫೀಸಿನ ಕರೆಂಟು ಬಳಸುತ್ತಿದ್ದೀರಿ, ಅದನ್ನು ತೆಗೆಯಿರಿ, ಇಲ್ಲವೇ ಆಫೀಸಿಗೆ ಬರೆದುಕೊಡಿ. ಆಫೀಸಿನ ವಸ್ತುವಾದರೆ ಆಫೀಸಿನ ಕರೆಂಟು ತಿನ್ನಬಹುದು. ನಾನು ಬರೆದುಕೊಟ್ಟೆ.

ಕುರ್ಚಿ, ಮೇಜು, ಕಪಾಟುಗಳನ್ನು ಬರೆದಿಡಲು ಆಫೀಸಿನಲ್ಲಿ ಒಂದು ದಪ್ಪ ಪುಸ್ತಕ ಇರುತ್ತದೆ, ಡೆಡ್ ಸ್ಟಾಕ್ ರಿಜಿಸ್ಟರ್ ಅಂತ. ಅದರಲ್ಲಿ ನನ್ನ ಸಂಸಾರವನ್ನು ಬರೆದರು: "ಗಾಜಿನ ತೊಟ್ಟಿ ಒಂದು. ಕಲ್ಲು ಒಂದು. ಮೀನು ಎರಡು. ಏಡಿ ಒಂದು. ಹೂವು, ಸ್ವಯಂಚಾಲಿತ, ಒಂದು." ಪ್ಯೂನ್ ಬಂದು ಬಿಳಿ ಆಯಿಲ್ ಪೇಂಟಿನಲ್ಲಿ ಗಾಜಿನ ಮುಖದ ಮೇಲೇ ದೊಡ್ಡದಾಗಿ ನಂಬರು ಬರೆದು ಹೋದ. ಅಂದಿನಿಂದ ಮೀನುಗಳನ್ನು ನೋಡಬೇಕಾದರೆ ನಂಬರಿನ ಪಕ್ಕದಿಂದ ಇಣುಕಬೇಕಾಯಿತು.

ಮಾರ್ಚ್‌ನಲ್ಲಿ ವಸ್ತುಗಳನ್ನು ಎಣಿಸಲು ಬಂದರು. ಒಂದು ಮೀನು ಕಡಿಮೆ. ಹಿಂದಿನ ವಾರವಷ್ಟೇ ಅದು ಅನಿಮೋನ್ ಹತ್ತಿರ ಅಜಾಗರೂಕತೆಯಿಂದ ಹೋಗಿತ್ತು. ವಿವರಣೆ ಕೇಳಿದರು. "ಹೂವು ತಿಂದಿತು" ಅಂತ ಬರೆದೆ. ಉತ್ತರ ಬಂತು: "ಆಫೀಸಿನ ಒಂದು ವಸ್ತು ಇನ್ನೊಂದು ವಸ್ತುವನ್ನು ತಿಂದಿತೆಂಬ ವಿವರಣೆಯನ್ನು ಒಪ್ಪಲಾಗುವುದಿಲ್ಲ."

ನಾನೇ ಎದ್ದು ಅಧಿಕಾರಿಯ ಹತ್ತಿರ ಹೋದೆ. "ಸರ್, ನೀವೇ ಡೆಡ್ ಸ್ಟಾಕ್ ಅಂತ ಬರೆದಿದ್ದೀರಿ. ಮೊದಲೇ ಸತ್ತದ್ದು ಅಂತ ಬರೆದದ್ದು ಈಗ ಸತ್ತರೆ ನಷ್ಟ ಹೇಗೆ?"

ಅವರು ಸಿಟ್ಟಾಗಲಿಲ್ಲ. ತಾಳ್ಮೆಯಿಂದ ಬಿಡಿಸಿ ಹೇಳಿದರು. "ಸತ್ತದ್ದಕ್ಕೆ ನಮ್ಮ ಆಕ್ಷೇಪ ಇಲ್ಲ. ಕುರ್ಚಿ ಮುರಿದರೂ ನಾವು ಒಪ್ಪುತ್ತೇವೆ. ಆದರೆ ಮುರಿದ ಕುರ್ಚಿಯನ್ನು ತಂದು ತೋರಿಸಬೇಕು."

ತೋರಿಸಬೇಕಾದದ್ದು ಅನಿಮೋನಿನ ಹೊಟ್ಟೆಯಲ್ಲಿ ಜೀರ್ಣವಾಗಿಹೋಗಿತ್ತು. ಮರುದಿನ ಬಂಡೆಗಳ ಹತ್ತಿರ ಎರಡು ಗಂಟೆ ಮೊಣಕಾಲು ನೀರಿನಲ್ಲಿ ನಿಂತು ಅದೇ ಅಳತೆಯ ಇನ್ನೊಂದು ಮೀನು ಹಿಡಿದು ತಂದು ಬಿಟ್ಟೆ. "ಕಾಣೆಯಾದ ಮೀನು ಕಲ್ಲಿನ ಹಿಂದೆ ಪತ್ತೆಯಾಗಿದೆ" ಅಂತ ಬರೆದುಕೊಟ್ಟೆ.

ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನು ಫೈಲಿನಲ್ಲಿ ಬರೆದ ಸುಳ್ಳು ಅದೊಂದೇ. "ವಿವರಣೆ ತೃಪ್ತಿಕರ" ಅಂತ ಷರಾ ಬಿದ್ದದ್ದೂ ಅದೊಂದಕ್ಕೇ.

ಮುಷ್ಕರ

ಮುಂದಿನ ವರ್ಷ ನಮ್ಮ ಯೂನಿಯನ್ ಮೂರು ದಿನದ ಮುಷ್ಕರ ಮಾಡಿತು. ನಾನೂ ಮಾಡಿದೆ. ಮನಸ್ಸಿಟ್ಟೇ ಮಾಡಿದೆ. ಮೊದಲ ದಿನ ಗೇಟಿನ ಹೊರಗೆ ನಿಂತು ಗಂಟಲು ಹರಿಯುವಂತೆ ಘೋಷಣೆ ಕೂಗಿದೆ. ರೆಕಾರ್ಡ್ ರೂಮಿಗೆ ಹೋದ ಮೇಲೆ ನನ್ನ ದನಿ ಯಾರಾದರೂ ಕೇಳಿಸಿಕೊಂಡದ್ದು ಅವತ್ತೇ ಮೊದಲು.

ಎರಡನೆಯ ದಿನ ಬೆಳಿಗ್ಗೆ ಮನೆಯಲ್ಲಿ ಪೇಪರ್ ಓದುತ್ತಿದ್ದಾಗ ನೆನಪಾಯಿತು. ರಾತ್ರಿ, ಭಾನುವಾರ ಆರಿಸದ ಮೇನ್ ಸ್ವಿಚ್ಚನ್ನು ಮುಷ್ಕರಕ್ಕೆ ಆಫೀಸು ಬಾಗಿಲು ಹಾಕಿದರೆ ಆರಿಸುತ್ತಾರೆ. ಪಂಪು ನಿಂತರೆ ನೀರಿಗೆ ಗಾಳಿ ಇಲ್ಲ. ಮೇ ತಿಂಗಳ ಸೆಕೆಯಲ್ಲಿ ಅವು ಎಷ್ಟು ಹೊತ್ತು ತಡೆದಾವು? ಸಿಕ್ಕ ಲೋಕಲ್ ಹತ್ತಿ ಓಡಿದೆ.

ಹಿಂದಿನ ಬಾಗಿಲಲ್ಲಿ ವಾಚ್‌ಮನ್ ಇದ್ದ, ವಿಜಾಪುರ ಕಡೆಯವನು. "ಸ್ವಿಚ್ ಹಾಕಾಕ ಬರಂಗಿಲ್ರೀ ಸಾಹೇಬ್ರ, ಹುಕುಂ ಇಲ್ಲ," ಅಂದ. ಆಮೇಲೆ ನನ್ನ ಮುಖ ನೋಡಿ, "ಒಳಗ ಹೋಗ್ರಿ, ನಾ ನೋಡೇ ಇಲ್ಲ," ಅಂದ.

ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ನಾನು ಲೋಟದಲ್ಲಿ ತೊಟ್ಟಿಯ ನೀರು ಮೊಗೆದು, ಮೇಲೆತ್ತಿ, ಮತ್ತೆ ಅದಕ್ಕೇ ಸುರಿಯುತ್ತ ಕೂತೆ. ಹಾಗೆ ಸುರಿದರೆ ಅಷ್ಟಿಷ್ಟು ಗಾಳಿ ಸೇರುತ್ತದೆ. ಒಂದು ಗಂಟೆ, ಎರಡು ಗಂಟೆ. ಕೈ ಬಿದ್ದುಹೋಗುವಂತಾಗಿತ್ತು. ಆಗ ಬಾಗಿಲಲ್ಲಿ ನಮ್ಮ ಬ್ರಾಂಚ್ ಮ್ಯಾನೇಜರು ನಿಂತಿದ್ದರು. ಬಂದು ಎರಡೇ ತಿಂಗಳಾದ ಹೊಸಬರು, ಖಾಲಿ ಆಫೀಸನ್ನು ನೋಡಲು ಬಂದವರು. ನೂರಾರು ಖಾಲಿ ಕುರ್ಚಿ ದಾಟಿ ಬಂದವರಿಗೆ ಒಂದು ಕುರ್ಚಿಯಲ್ಲಿ ಮನುಷ್ಯ ಕಂಡಿದ್ದ. ಅವರ ಕಣ್ಣು ಒದ್ದೆಯಾಯಿತು.

"ನೀವೊಬ್ಬರಾದರೂ ಬಂದಿರಲ್ಲ!"

"ಸರ್, ನಾನು ಮೀನಿಗೆ ಗಾಳಿ..."

"ಏನೂ ಹೇಳಬೇಡಿ. ನನಗೆ ಅರ್ಥವಾಗುತ್ತದೆ." ನನ್ನ ಒದ್ದೆ ಕೈ ಹಿಡಿದು ಕುಲುಕಿದರು. ತಕ್ಷಣ ಮೇನ್ ಸ್ವಿಚ್ ಹಾಕಿಸಿದರು, ನನ್ನ ನಿಷ್ಠೆಗಾಗಿ.

ನಾಲ್ಕನೆಯ ದಿನ ಎಲ್ಲರೂ ಕೆಲಸಕ್ಕೆ ಬಂದಾಗ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿಗೆ ಪ್ರಶಂಸಾಪತ್ರ ತೂಗುತ್ತಿತ್ತು. ಅಂದಿನಿಂದ ಕ್ಯಾಂಟೀನಿನಲ್ಲಿ ನಾನು ಕೂತ ಬೆಂಚಿನಿಂದ ಜನ ಎದ್ದುಹೋದರು. ಲೋಕಲ್‌ನಲ್ಲಿ ವರ್ಷಗಳಿಂದ ನನಗಾಗಿ ಒಂದು ಗೇಣು ಸರಿದುಕೊಳ್ಳುತ್ತಿದ್ದವರು ಕಿಟಕಿಯ ಹೊರಗೆ ನೋಡಲು ಕಲಿತರು. ಮಂಗಳೂರಿನವರು ಕೂಡ ಕನ್ನಡ ಮಾತಾಡಲು ಬರುವುದನ್ನು ನಿಲ್ಲಿಸಿದರು. ತಡೆಯಲಾರದೆ ಯೂನಿಯನ್ ಕಾರ್ಯದರ್ಶಿಯ ಹತ್ತಿರ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಬೀಡಿ ಆರಿಸಿದರು.

"ನಾನು ಇಪ್ಪತ್ತು ವರ್ಷದಲ್ಲಿ ಮುಷ್ಕರ ಮುರಿದವರನ್ನ ಬೇಕಾದಷ್ಟು ನೋಡಿದ್ದೇನೆ," ಅಂದರು. "ಹೆಂಡತಿ ಮಕ್ಕಳಿಗೋಸ್ಕರ ಅಂತಾರೆ. ತಾಯಿ ಔಷಧಿಗೆ ಅಂತಾರೆ. ಏಡಿಗೋಸ್ಕರ ಅಂದವನು ನೀನೇ ಮೊದಲು."

ಕ್ಯಾಬಿನ್

"ನಿಮ್ಮ ನಿಷ್ಠೆಯ ನೆನಪಿಗೆ ಇದು ನನ್ನ ಹತ್ತಿರ ಇರಲಿ," ಅಂತ ಮ್ಯಾನೇಜರು ತೊಟ್ಟಿಯನ್ನು ತಮ್ಮ ಕ್ಯಾಬಿನ್ನಿಗೆ ಸಾಗಿಸಿಕೊಂಡರು. ಬೇಡ ಅನ್ನಲು ಅದು ನನ್ನದಾಗಿ ಉಳಿದಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ನಾನು ಒಳಗೆ ಹೋಗಿ ಆಹಾರ ಹಾಕಿ, ನೀರು ನೋಡಿ ಬರಬೇಕು ಅಂತಾಯಿತು.

ದಿನಕ್ಕೆರಡು ಸಲ ಮ್ಯಾನೇಜರ ಕ್ಯಾಬಿನ್ನಿಗೆ ಬಾಗಿಲು ತಟ್ಟದೆ ಹೋಗುವವನು, ಹೋದರೆ ಹತ್ತು ನಿಮಿಷ ಹೊರಗೆ ಬರದವನು! ಒಂದೇ ತಿಂಗಳಲ್ಲಿ ನನ್ನ ಸುತ್ತಲಿನ ಗಾಳಿ ತಿರುಗಿತು. ಕ್ಯಾಂಟೀನಿನ ಬೆಂಚು ಮತ್ತೆ ತುಂಬಿತು. ತಿವಿಯುತ್ತಿದ್ದ ಹೆಡ್ ಕ್ಲಾರ್ಕ್ ಮನೆಯಿಂದ ನನಗೆಂದೇ ಥಾಲಿಪೀಟ್ ತಂದರು. ಮಂಗಳೂರಿನವರು ಮೆಲ್ಲಗೆ ಬಂದು ಕೂತು, "ನೀವು ಒಂದು ಮಾತು ಹೇಳಿದ್ರೆ ಘಾಟ್ಕೋಪರ್ ಬ್ರಾಂಚಿಗೆ ವರ್ಗ ಆಗ್ತದೆ ಮಾರಾಯ್ರೆ, ಮನೆಗೆ ಹತ್ತಿರ," ಅಂದರು. ನನಗೆ ಅಂಥ ಯಾವ ಶಕ್ತಿಯೂ ಇಲ್ಲ ಅಂತ ಎಷ್ಟು ಹೇಳಿದರೂ ನಕ್ಕರು. ನಾನು ಯಾರಿಗಾಗಿಯೂ ಒಂದು ಮಾತೂ ಆಡಲಿಲ್ಲ. ಅವರಿಗೆ ಘಾಟ್ಕೋಪರ್ ಸಿಕ್ಕಿತು. ಪೇಡೆ ತಂದು ಕಾಲು ಮುಟ್ಟಲು ಬಗ್ಗಿದರು. ಅದೇ ವರ್ಗಾವಣೆ ಪಟ್ಟಿಯಲ್ಲಿ ಹೆಡ್ ಕ್ಲಾರ್ಕರನ್ನು ನಾಗಪುರಕ್ಕೆ ಎತ್ತಿಹಾಕಿದ್ದರು. ಅವರು ಹೊರಡುವ ದಿನ ನನ್ನ ಮುಂದೆ ನಿಂತು, "ಒಂದು ಹೂವಿಗೆ ಪೆನ್ಸಿಲ್ ತಾಗಿಸಿದ್ದಕ್ಕೆ ಇಷ್ಟು ಹಗೆಯಾ?" ಅಂತ ಕೇಳಿ ಹೋದರು.

ಸುದ್ದಿ ದಹಿಸರ್‌ವರೆಗೂ ಮುಟ್ಟಿತು. ಹೆಂಡತಿ ಅಂದಳು, "ಊರವರದ್ದೆಲ್ಲ ಮಾಡಿಸ್ತೀರಂತೆ. ನಿಮ್ಮದೊಂದು ಹೇಳ್ಕೊಳ್ಳೋಕೆ ಏನು ರೋಗ? ಆ ಗೋಡೌನಿನಂಥ ರೂಮಿಂದ ಹೊರಗೆ ಹಾಕಿ ಅನ್ನಿ."

ಒಂದು ವಾರ ಮಾತು ಜೋಡಿಸಿಕೊಂಡೆ. ಮ್ಯಾನೇಜರು ತೊಟ್ಟಿಗೆ ಮೂಗು ಆನಿಸಿ ನೋಡುತ್ತಿದ್ದ ಹೊತ್ತು ಹಿಂದೆ ನಿಂತು ಶುರು ಮಾಡಿದೆ. "ಸರ್, ನನ್ನದೊಂದು ವಿಷಯ. ಹಿಂದೆ ಒಂದು ಗೋದಾಮಿನ ಫೈಲಿನಲ್ಲಿ ನಾನು ನಿಜ ಬರೆದಿದ್ದಕ್ಕೆ..."

ಅವರು ತಿರುಗದೆಯೇ ತುಟಿಯ ಮೇಲೆ ಬೆರಳಿಟ್ಟರು.

"ಶ್! ಮೆಲ್ಲಗೆ. ಮೀನು ಹೆದರುತ್ತೆ."

ಪ್ರಮೋಷನ್

ನಾನು ಸೇರಿದ ಹುದ್ದೆಯಲ್ಲೇ ನಿವೃತ್ತನಾದೆ. ಹೇಗೆ ಸಾಧ್ಯ ಅಂತ ಕೇಳಿದವರಿಗೆ ಇದನ್ನು ಹೇಳುತ್ತೇನೆ.

ಪ್ರಮೋಷನ್ ಪಟ್ಟಿ ಬರುವ ವರ್ಷ, ಸೀನಿಯಾರಿಟಿಯಲ್ಲಿ ನಾನೇ ಮೊದಲಿದ್ದೆ. ಪಟ್ಟಿ ಬಂತು. ನನ್ನ ನಂತರ ಸೇರಿದ ಐದು ಜನರ ಹೆಸರಿತ್ತು, ನನ್ನದಿರಲಿಲ್ಲ. ಹನ್ನೊಂದು ಗಂಟೆಗೆ ಎಂದಿನಂತೆ ಕ್ಯಾಬಿನ್ನಿಗೆ ಹೋದೆ. ಕೇಳುವ ಮೊದಲೇ ಮ್ಯಾನೇಜರು, "ನಿಮ್ಮ ಹೆಸರನ್ನು ನಾನೇ ತೆಗೆಸಿದೆ," ಅಂದರು. ಏನೋ ಉಪಕಾರ ಮಾಡಿದ ಹಾಗೆ.

"ಯಾಕೆ ಸರ್?"

"ಪ್ರಮೋಷನ್ ಅಂದರೆ ಬೇರೆ ಊರು. ನೀವು ಹೋಗಿಬಿಟ್ಟರೆ ಇವುಗಳನ್ನು ನೋಡಿಕೊಳ್ಳುವವರು ಯಾರು? ಬೇರೆ ಯಾವ ಕಾರಣವೂ ಇಲ್ಲ. ನಿಮ್ಮ ಕೆಲಸದ ಬಗ್ಗೆ ನನಗೆ ತುಂಬ ಗೌರವ." ಆಮೇಲೆ ತೊಟ್ಟಿಯ ಕಡೆ ತೋರಿಸಿ, "ಏಡಿ ಸ್ವಲ್ಪ ಸಪ್ಪಗಿದೆ ಅನ್ನಿಸುತ್ತೆ. ನೋಡಿ," ಅಂದರು.

ನಾನು ನೋಡಿದೆ. ಏಡಿ ಚೆನ್ನಾಗಿತ್ತು.

ಮನೆಯಲ್ಲಿ ಹೇಳಿದಾಗ ಹೆಂಡತಿ ಬೈಯಲಿಲ್ಲ. "ಆ ಮೀನಿಗಾದ್ರೂ ಪ್ರಮೋಷನ್ ಕೊಟ್ಟಿದ್ದಾರಾ ಕೇಳಿ," ಅಂದಳು. ಅವಳು ಅತ್ತಿದ್ದರೆ ವಾಸಿಯಿತ್ತು.

ಅದೇ ಶನಿವಾರ ಮಧ್ಯಾಹ್ನ ಆಫೀಸು ಅರ್ಧ ದಿನಕ್ಕೆ ಮುಗಿದ ಮೇಲೆ, ನೀರು ಬದಲಿಸುವ ನೆಪದಲ್ಲಿ ಕ್ಯಾಬಿನ್ನಿಗೆ ಹೋದೆ. ಕಲ್ಲು, ಮೀನು, ಏಡಿ, ಅನಿಮೋನ್ ಎಲ್ಲವನ್ನೂ ಬಕೆಟ್ಟಿಗೆ ಹಾಕಿಕೊಂಡು ಬಂಡೆಗಳ ಕಡೆ ನಡೆದೆ. ನೀರು ಇಳಿದಿತ್ತು. ಕಲ್ಲನ್ನು ಒಂದು ಗುಂಡಿಯಲ್ಲಿ ಕೂರಿಸಿದೆ. ಮೀನುಗಳು ಹಿಂದೆ ತಿರುಗಿಯೂ ನೋಡದೆ ಹೋದವು. ಅನಿಮೋನ್ ಬಹಳ ಹೊತ್ತು ಮುದುಡಿಕೊಂಡೇ ಇತ್ತು. ಬಿಸಿಲಿಗೆ ನೆತ್ತಿ ಸುಡುತ್ತಿದ್ದರೂ ಕಾದು ಕೂತೆ. ಕೊನೆಗೆ ಒಂದೊಂದೇ ಎಸಳು ಬಿಚ್ಚಿತು. ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾನೂ ಸ್ವಲ್ಪ ಹೊತ್ತು ಅತ್ತ ನೆನಪು.

ವಾಪಸು ಬಂದು ತೊಟ್ಟಿಗೆ ಹೊಸ ನೀರು ತುಂಬಿಸಿ, ಒಂದು ಬರೀ ಕಲ್ಲು ಹಾಕಿ, ಪಂಪು ಹಾಕಿದೆ. ಸೋಮವಾರ ಮ್ಯಾನೇಜರು ಕೇಳಿದರೆ ಹೇಳಲು ಒಂದು ಮಾತು ತಯಾರು ಮಾಡಿಕೊಂಡೆ: "ಅವೆಲ್ಲ ಟ್ರಾನ್ಸ್‌ಫರ್ ಆಗಿ ಹೋದವು ಸರ್. ಇನ್ನು ನನ್ನನ್ನು ಬಿಡಬಹುದು." ಲೋಕಲ್‌ನಲ್ಲಿ ನಿಂತು ಹತ್ತು ಸಲ ಹೇಳಿ ನೋಡಿದೆ. ನನ್ನ ಜನ್ಮದಲ್ಲಿ ಅಂಥ ಒಳ್ಳೆಯ ಮಾತು ನಾನು ಜೋಡಿಸಿರಲಿಲ್ಲ.

ಸೋಮವಾರ ಅವರು ಕೇಳಲಿಲ್ಲ. ತೊಟ್ಟಿ ನೋಡಿದರು, "ನೀರು ತುಂಬ ಸ್ವಚ್ಛವಾಗಿದೆ" ಅಂದರು, ಫೈಲು ತೆರೆದರು. ಮಂಗಳವಾರವೂ ಕೇಳಲಿಲ್ಲ. ನಾನು ಏನೂ ತೋಚದೆ ಎಂದಿನಂತೆ ಒಂದು ಚಿಟಿಕೆ ಆಹಾರ ಹಾಕಿ ಬಂದೆ. ಎರಡನೆಯ ವಾರ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರು ಬಂದರು. ಮ್ಯಾನೇಜರು ಅವರನ್ನು ತೊಟ್ಟಿಯ ಮುಂದೆ ನಿಲ್ಲಿಸಿ, "ಇವು ಬಹಳ ನಾಚಿಕೆ ಸ್ವಭಾವದವು ಸರ್. ಕಲ್ಲಿನ ಹಿಂದೆ ಅಡಗಿರುತ್ತವೆ. ಅಗೋ, ಅಲ್ಲಿ!" ಅಂದರು. ದೊಡ್ಡ ಸಾಹೇಬರು ಕನ್ನಡಕ ಏರಿಸಿ ಬಗ್ಗಿ ನೋಡಿ, "ಹೌದು ಹೌದು, ಕಾಣಿಸಿತು. ಬಹುತ್ ಸುಂದರ್," ಅಂದರು. ಅವರ ಹಿಂದೆ ಬಂದಿದ್ದ ನಾಲ್ವರಿಗೂ ಕಾಣಿಸಿತು. ಒಬ್ಬರಿಗಂತೂ ಎರಡು ಕಾಣಿಸಿದವು.

ಅಷ್ಟಾದ ಮೇಲೆ ಇಲ್ಲ ಅಂತ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಹನ್ನೊಂದಕ್ಕೆ, ನಾಲ್ಕಕ್ಕೆ, ಖಾಲಿ ನೀರಿಗೆ ಆಹಾರ ಹಾಕಿದೆ. ಹಾಕಿದ್ದನ್ನು ಮರುದಿನ ನಾನೇ ಬಟ್ಟೆಯಲ್ಲಿ ಸೋಸಿ ತೆಗೆದೆ. ಹೀಗೆ ವರ್ಷ ಕಳೆಯಿತು. ಮತ್ತೊಂದು ಪಟ್ಟಿ ಬಂತು, ನನ್ನ ಹೆಸರಿರಲಿಲ್ಲ. "ಕಾರಣ ಗೊತ್ತಲ್ಲ," ಅಂತ ಮ್ಯಾನೇಜರು ಗಾಜಿನ ಮೇಲೆ ಪ್ರೀತಿಯಿಂದ ಬೆರಳು ತಟ್ಟಿದರು. ಅದರ ಮರುವರ್ಷವೂ ಅಷ್ಟೇ. ಒಳಗೊಳಗೇ ನನಗೊಂದು ಸಮಾಧಾನ ಮಾತ್ರ ಇತ್ತು. ಇಷ್ಟು ದೊಡ್ಡ ಅಧಿಕಾರಿಗೆ ಎರಡು ವರ್ಷದಿಂದ ನಾನು ಟೋಪಿ ಹಾಕುತ್ತಿದ್ದೇನಲ್ಲ, ಒಬ್ಬನಿಗೂ ಗೊತ್ತಾಗಲಿಲ್ಲವಲ್ಲ ಅಂತ.

ಅವರು ನಿವೃತ್ತರಾದ ದಿನ ಹಾರ, ಭಾಷಣ, ಸಮೋಸ ಎಲ್ಲ ಮುಗಿದ ಮೇಲೆ ನನ್ನನ್ನು ಕ್ಯಾಬಿನ್ನಿಗೆ ಕರೆದರು. ನಾವಿಬ್ಬರೇ. ತೊಟ್ಟಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು. ನನ್ನ ಮನಸ್ಸು ಕರಗಿತು. ಎಷ್ಟಾದರೂ ಹೋಗುವ ಮನುಷ್ಯ, ಈಗಲಾದರೂ ನಿಜ ಹೇಳಿಬಿಡೋಣ ಅನ್ನಿಸಿತು.

"ಸರ್, ಕ್ಷಮಿಸಬೇಕು. ಈ ತೊಟ್ಟಿಯಲ್ಲಿ ಎರಡು ವರ್ಷದಿಂದ ಏನೂ ಇಲ್ಲ."

"ಗೊತ್ತು," ಅಂದರು ಅವರು. "ಆ ಸೋಮವಾರವೇ ಗೊತ್ತಾಯಿತು."

"ಮತ್ತೆ ಯಾಕೆ ಸರ್ ಹೇಳಲಿಲ್ಲ?"

ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಹೇಗೆ ಹೇಳಲಿ? ತೊಟ್ಟಿ ಖಾಲಿ ಅಂತ ಒಪ್ಪಿಕೊಂಡಿದ್ದರೆ ನಿಮಗೆ ಪ್ರಮೋಷನ್ ಕೊಡಬೇಕಾಗುತ್ತಿತ್ತಲ್ಲ!"

ಅಷ್ಟು ವರ್ಷದ ಅಭ್ಯಾಸ ನೋಡಿ, ನನ್ನ ಬಾಯಿಂದ ತಾನಾಗಿ ಬಂತು: "ಥ್ಯಾಂಕ್ಯೂ ಸರ್."